ಹಳೆಯ ಜಪಾನಿ ಫೋರ್ ಸಿಲಿಂಡರ್ ಗಾಡಿ ಕೊಳ್ಳುವ ಮುನ್ನ

ಎಂಜಿನ್ ಕೆಟ್ಟು ಗುಜರಿಗೆ ಹೋದ ಹಳೆಯ ಜಪಾನಿ ಫೋರ್ ಸಿಲಿಂಡರ್ ಗಾಡಿಯನ್ನು ನಾನು ನೋಡಿರುವುದು ತೀರಾ ಅಪರೂಪ. ಬೇಕಾದಷ್ಟು ನೋಡಿರುವುದು ಬೇರೆಯದೇ ಜಾತಿಯವನ್ನು. ಗ್ಯಾರೇಜಿನ ಮೂಲೆಯಲ್ಲಿ ವರ್ಷಗಟ್ಟಲೆ ನಿಂತು, ಕಾರ್ಬುರೇಟರಿನೊಳಗೆ ಪೆಟ್ರೋಲ್ ಅಂಟಾಗಿ, ಬ್ರೇಕ್ ಹಿಡಿದುಕೊಂಡು, ಸೀಟಿನಡಿ ಇಲಿ ಗೂಡು ಕಟ್ಟಿ ವೈರು ಕಡಿದು, ಕೊನೆಗೆ ಮನೆಯವರು ‘ಎಂಜಿನ್ ಹೋಗಿದೆ’ ಎಂದು ಬಂದ ಬೆಲೆಗೆ ಕೊಟ್ಟುಬಿಟ್ಟ ಗಾಡಿಗಳು. ಅಂಥವುಗಳ ಎಂಜಿನ್ ಬಿಚ್ಚಿದರೆ ಪಿಸ್ಟನ್ ಓಡಾಡುವ ಬೋರ್‌ನಲ್ಲಿ ಒಂದು ಗೀರೂ ಇರುವುದಿಲ್ಲ, ಪಿಸ್ಟನ್ನಿನ ಓಡಾಟವನ್ನು ತಿರುಗಾಟವಾಗಿಸುವ ಕ್ರ್ಯಾಂಕು ಸಲೀಸಾಗಿ ತಿರುಗುತ್ತದೆ. 1970–80ರ ದಶಕದ ಹೋಂಡಾ, ಕವಾಸಾಕಿ, ಸುಜುಕಿ, ಯಮಹಾ ಕೊಳ್ಳಲು ಹೊರಟವರು ಕೇಳಿದಾಗಲೆಲ್ಲ ನಾನು ಹೇಳುವುದು ಇಷ್ಟೇ: ಎಂಜಿನ್ನಿಗೆ ಹೆದರಬೇಡಿ, ವೈರಿಂಗ್, ರಬ್ಬರ್, ಕಾರ್ಬುರೇಟರ್ ಈ ಮೂರಕ್ಕೆ ಹೆದರಿ. ಅದಕ್ಕೂ ಮೊದಲು ಗಾಡಿ ಇಟ್ಟುಕೊಂಡಿದ್ದ ಮನುಷ್ಯ ಎಂಥವರು ಅಂತ ತಿಳಿದುಕೊಳ್ಳಿ.

ನಾನು ಮೈಸೂರಿನವನು. ಯಾದವಗಿರಿಯ ಫ್ಯಾಕ್ಟರಿಯಲ್ಲಿ ತಯಾರಾದ ಯೆಜ್ಡಿ ನಮ್ಮ ಮನೆಯಲ್ಲಿತ್ತು. ಒಂದು ಸಿಲಿಂಡರು, ಎರಡು ಸೈಲೆನ್ಸರು. ಭಾರತದಲ್ಲಿ ಆಗ ನಾಲ್ಕು ಸಿಲಿಂಡರಿನ ಬೈಕು ಯಾವ ಶೋರೂಮಿನಲ್ಲೂ ಇರಲಿಲ್ಲ. ಎಸ್ಕಾರ್ಟ್ಸ್‌ನವರ ರಾಜ್‌ದೂತ್ 350ರ ಎರಡು ಸಿಲಿಂಡರೇ ನಮಗೆ ದೊಡ್ಡ ಬೆರಗು. ಜಪಾನಿನ ದೊಡ್ಡ ಗಾಡಿಗಳನ್ನು ಕಂಪನಿಯವರೇ ತಂದು ಮಾರಲು ಶುರುಮಾಡಿದ್ದು 2007ರ ಕೊನೆಗೆ ಯಮಹಾ ಆರ್1 ಬಂದ ಮೇಲೆ. ಈಗ ನನ್ನ ಕೆಲಸ ಅಮೆರಿಕದ ಓಹಾಯೋದಲ್ಲಿ, ಡೇಟನ್ ಹತ್ತಿರದ ಒಂದು ಮೆಷಿನ್ ಶಾಪಿನಲ್ಲಿ. ಮೈಕ್ರೋಮೀಟರು, ಬೋರ್ ಗೇಜು ಹಿಡಿದೇ ದಿನ ಕಳೆಯುತ್ತೇನೆ. ಈ ಊರಿಗೆ ಬಂದ ಮೇಲೆ ಮೊದಲು ಕೈಗೆ ಸಿಕ್ಕ ಗಾಡಿ ಸುಜುಕಿ ಜಿಎಸ್850, ಚೈನಿನ ಬದಲು ಶಾಫ್ಟಿನಿಂದ ಹಿಂದಿನ ಚಕ್ರ ತಿರುಗುವಂಥದು. ಅದು ಇನ್ನೂ ನನ್ನ ಹತ್ತಿರವೇ ಇದೆ. ಪಕ್ಕದಲ್ಲಿ 1975ರ ಹೋಂಡಾ ಸಿಬಿ750 ಒಂದಿದೆ.

ಈ ಗಾಡಿಗಳು ಯಾಕಿಷ್ಟು ಗಟ್ಟಿ ಅನ್ನುವುದಕ್ಕೆ ಕಾರಣ ಅವು ಹುಟ್ಟಿದ ಕಾಲದಲ್ಲೇ ಇದೆ. ಹೋಂಡಾ ಸಿಬಿ750 ಫೋರ್ ಅನ್ನು ಮೊದಲು ತೋರಿಸಿದ್ದು 1968ರ ಅಕ್ಟೋಬರಿನ ಟೋಕಿಯೋ ಮೋಟರ್ ಶೋದಲ್ಲಿ. 736 ಸಿಸಿ, 67 ಅಶ್ವಶಕ್ತಿ, ಮುಂದೆ ಡಿಸ್ಕ್ ಬ್ರೇಕು, ಸೆಲ್ಫ್ ಸ್ಟಾರ್ಟು. ಅಮೆರಿಕದಲ್ಲಿ ಬೆಲೆ 1,495 ಡಾಲರ್. ಯೋಶಿರೋ ಹರಾಡ ಅವರ ತಂಡ ಅದನ್ನು ರೂಪಿಸುವಾಗ ಕಂಪನಿಯ ಅಂದಾಜಿದ್ದದ್ದು ವರ್ಷಕ್ಕೆ 1,500 ಗಾಡಿ. ಅಷ್ಟು ಕಡಿಮೆ ಸಂಖ್ಯೆಗೆಂದು ಮೊದಮೊದಲ ಕ್ರ್ಯಾಂಕ್‌ಕೇಸುಗಳನ್ನು, ಅಂದರೆ ಕ್ರ್ಯಾಂಕು ಕೂರುವ ಕವಚಗಳನ್ನು, ಒತ್ತಡವಿಲ್ಲದೆ ಅಚ್ಚಿಗೆ ಸುರಿದು ಎರಕ ಹೊಯ್ದರು. ಒರಟು ಮೈ ನೋಡಿ ಜನ ಅವನ್ನು ಮರಳಚ್ಚಿನವು, ‘ಸ್ಯಾಂಡ್‌ಕಾಸ್ಟ್’ ಎಂದು ತಪ್ಪಾಗಿ ಕರೆದರು, ಹೆಸರು ಹಾಗೇ ಉಳಿಯಿತು. ಬೇಡಿಕೆ ನೋಡಿದರೆ 1,500 ತಿಂಗಳಿಗೇ ಸಾಲದಾಯಿತು, ಮುಂದೆ ತಿಂಗಳಿಗೆ 3,000ಕ್ಕೆ ಏರಿತು. ‘ಸ್ಯಾಂಡ್‌ಕಾಸ್ಟ್’ ಹೆಸರಿನ ಆ ಮೊದಲ ಗಾಡಿಗಳಿಗೆ ಈಗ ಹರಾಜಿನಲ್ಲಿ ಕಣ್ಣು ಕುಕ್ಕುವ ಬೆಲೆ.

ಅದುವರೆಗಿನ ಬ್ರಿಟಿಷ್ ಟ್ವಿನ್‌ಗಳಲ್ಲಿ, ಅಂದರೆ ಎರಡು ಸಿಲಿಂಡರಿನ ಗಾಡಿಗಳಲ್ಲಿ, ಎರಡು ಪಿಸ್ಟನ್ ಒಟ್ಟಿಗೇ ಮೇಲೆ, ಒಟ್ಟಿಗೇ ಕೆಳಗೆ. ಗಡಗಡ ನಡುಗಿ ಬೋಲ್ಟು ಸಡಿಲವಾಗುತ್ತಿದ್ದವು. ಕ್ರ್ಯಾಂಕ್‌ಕೇಸನ್ನು ಮೇಲಿಂದ ಕೆಳಕ್ಕೆ ಸೀಳಿ ಜೋಡಿಸುತ್ತಿದ್ದರಿಂದ ಜೋಡಣೆಯ ಗೆರೆ ಆಯಿಲ್ ಇಳಿಯುವ ತಳದವರೆಗೂ ಹಾಯುತ್ತಿತ್ತು, ಅಲ್ಲಿಂದ ಒಸರುತ್ತಿತ್ತು. ಜಪಾನಿನವರು ಕೇಸನ್ನು ಅಡ್ಡಲಾಗಿ ಸೀಳಿದರು, ಜೋಡಣೆ ಆಯಿಲಿನ ಮಟ್ಟಕ್ಕಿಂತ ಮೇಲೆ ಬಂತು. ನಾಲ್ಕು ಸಿಲಿಂಡರ್ ಸಾಲಾಗಿ ನಿಂತರೆ ಎರಡು ಪಿಸ್ಟನ್ ಮೇಲೇರುವಾಗ ಇನ್ನೆರಡು ಕೆಳಗಿಳಿಯುತ್ತವೆ, ಒಂದರ ಬಲವನ್ನು ಇನ್ನೊಂದು ತಡೆಯುತ್ತದೆ. ಉಳಿಯುವುದು ಎಂಜಿನ್ನಿನ ವೇಗಕ್ಕಿಂತ ಎರಡು ಪಟ್ಟು ವೇಗದ ಸಣ್ಣ ಕಂಪನ. ಹ್ಯಾಂಡಲಿನಲ್ಲಿ ಜುಂ ಅನ್ನುವುದು ಅದೇ. ಅದು ಕೈ ಮರಗಟ್ಟಿಸಬಹುದು, ಆದರೆ ಎಂಜಿನ್ನನ್ನು ಕೊಲ್ಲುವುದಿಲ್ಲ.

ಕವಾಸಾಕಿಯವರೂ ಆಗ 750 ಸಿಸಿ ಫೋರ್ ಒಂದನ್ನು ತಯಾರು ಮಾಡುತ್ತಿದ್ದರು. ಹೋಂಡಾ ಮುಂದಾದದ್ದು ನೋಡಿ ಅದನ್ನು ನಿಲ್ಲಿಸಿ, ಹೆಚ್ಚು ಕಾಲ ತೆಗೆದುಕೊಂಡು 903 ಸಿಸಿಗೆ ಏರಿಸಿ, ವಾಲ್ವುಗಳನ್ನು ತೆರೆಯುವ ಎರಡು ಓವರ್‌ಹೆಡ್ ಕ್ಯಾಮ್ ಇಟ್ಟು 1972ರಲ್ಲಿ ಝಡ್1 ತಂದರು. 82 ಅಶ್ವಶಕ್ತಿ. ಸುಜುಕಿ ಆಗ ಮುಖ್ಯವಾಗಿ ಟೂ ಸ್ಟ್ರೋಕ್ ಮಾಡುತ್ತಿದ್ದ ಕಂಪನಿ. ನಡುವೆ ಆರ್‌ಇ5 ಎಂಬ ರೋಟರಿ ಎಂಜಿನ್ ಗಾಡಿಗೆ ಕೈಹಾಕಿ ನಷ್ಟ ಮಾಡಿಕೊಂಡಿತ್ತು. ಅವರ ಜಿಎಸ್750 ಬಂದದ್ದು 1976ರಲ್ಲಿ. ಕ್ರ್ಯಾಂಕ್ ನೋಡಿದರೆ ಅವರ ಎಚ್ಚರ ಗೊತ್ತಾಗುತ್ತದೆ. ಝಡ್1 ಮತ್ತು ಜಿಎಸ್ ಎರಡರಲ್ಲೂ ಬೇರೆಬೇರೆ ತುಂಡುಗಳನ್ನು ಒತ್ತಿ ಸೇರಿಸಿದ ಕ್ರ್ಯಾಂಕು, ರೋಲರ್ ಬೇರಿಂಗು. ಹೋಂಡಾದ್ದು ಉರುಳೆಗಳಿಲ್ಲದೆ ಆಯಿಲಿನ ಪದರದ ಮೇಲೆ ಜಾರುವ ಪ್ಲೇನ್ ಬೇರಿಂಗು. ಪ್ಲೇನ್ ಬೇರಿಂಗಿಗೆ ಆಯಿಲಿನ ಒತ್ತಡ ಬೇಕೇ ಬೇಕು, ಕಡಿಮೆಯಾದರೆ ಸವೆಯುತ್ತದೆ. ರೋಲರ್ ಬೇರಿಂಗು ಸ್ವಲ್ಪ ಆಯಿಲಿನಲ್ಲೂ ಬದುಕುತ್ತದೆ. ಡ್ರ್ಯಾಗ್ ರೇಸಿನವರು ಝಡ್1, ಜಿಎಸ್ ಕ್ರ್ಯಾಂಕುಗಳನ್ನು ವೆಲ್ಡ್ ಮಾಡಿಸಿ, ಟರ್ಬೋ ಕೂರಿಸಿ, ಫ್ಯಾಕ್ಟರಿ ಕೊಟ್ಟದ್ದಕ್ಕಿಂತ ಎಷ್ಟೋ ಪಟ್ಟು ಶಕ್ತಿ ಅವುಗಳ ಮೇಲೆ ಹೇರಿದರು. ಅಂಥ ಎಂಜಿನ್ನಿಗೆ ಊರಿನ ರಸ್ತೆಯ ಓಟ ಲೆಕ್ಕಕ್ಕೇ ಇಲ್ಲ.

ಇನ್ನೂ ಒಂದು ಸಾಕ್ಷಿ ನನಗೆ ಬಲು ಇಷ್ಟ. ಝಡ್1ರ ವಂಶದ ಕೆಝಡ್1000 ಪೊಲೀಸ್ ಗಾಡಿಯನ್ನು ಕವಾಸಾಕಿ ನೆಬ್ರಾಸ್ಕಾದ ಲಿಂಕನ್ ಫ್ಯಾಕ್ಟರಿಯಲ್ಲಿ 2005ರವರೆಗೂ ಮಾಡುತ್ತಿತ್ತು. ಗಾಳಿಯಿಂದಲೇ ತಂಪಾಗುವ, ಕಾರ್ಬುರೇಟರ್ ಇರುವ, ಎಪ್ಪತ್ತರ ದಶಕದ ಎಂಜಿನ್ನು! ಕ್ಯಾಲಿಫೋರ್ನಿಯಾದ ಹೆದ್ದಾರಿ ಪೊಲೀಸರು ಬಿಸಿಲಲ್ಲಿ ಟ್ರಾಫಿಕ್ಕಿನ ನಡುವೆ ಐಡ್ಲಿಂಗ್‌ನಲ್ಲಿ ನಿಲ್ಲಿಸಿ, ಮರುಕ್ಷಣ ನೂರು ಮೈಲಿಗೆ ಎಳೆದು, ದಿನವಿಡೀ ಓಡಿಸಿದ ಗಾಡಿ ಅದು. ಪೊಲೀಸ್ ಇಲಾಖೆಗಳು ಪ್ರೀತಿಗಾಗಿ ಗಾಡಿ ಇಟ್ಟುಕೊಳ್ಳುವುದಿಲ್ಲ.

ಇನ್ನು ಗಾಡಿ ನೋಡಲು ಹೋದಾಗ ಏನು ಮಾಡುತ್ತೇನೆ ಅನ್ನುವುದಕ್ಕೆ ಬರುತ್ತೇನೆ. ನಮ್ಮ ಕನ್ನಡ ಕೂಟದಲ್ಲಿ ಹುಬ್ಬಳ್ಳಿಯ ಹುಡುಗನೊಬ್ಬನಿದ್ದಾನೆ. ಬಹಳ ದಿನದಿಂದ ಹಳೆಯ ಫೋರ್ ಬೇಕು ಅಂತಿದ್ದ. ಅವನಿಗೆ ಮನಸ್ಸಾಗಿದ್ದು 1976ರ ಒಂದು ಸಿಬಿ750 ಮೇಲೆ. ಹಳೆಯ ರೇಸ್ ಬೈಕಿನಂತೆ ಕಾಣಲಿ ಎಂದು ಅದನ್ನು ಕೆಫೆ ರೇಸರ್ ಮಾಡಿಸಿದ್ದರು. ಕಪ್ಪು ಬಣ್ಣ, ಚಪ್ಪಟೆ ಸೀಟು, ಸೈಲೆನ್ಸರ್ ಪೈಪಿಗೆಲ್ಲ ಬಟ್ಟೆಯಂಥ ಪಟ್ಟಿ ಸುತ್ತಿದ್ದಾರೆ.

“ಅಣ್ಣಾರ, ಗಾಡಿ ಭಾರೀ ಐತ್ರಿ. ಮೀಟರ್ ನೋಡ್ರಿ, ಹದಿನಾಲ್ಕ ಸಾವಿರ ಮೈಲಿ ಅಷ್ಟ!”

“ಮೀಟರ್ ಬಿಡಪ್ಪ, ಎಂಜಿನ್ ಮುಟ್ಟಿ ನೋಡು” ಅಂದೆ.

ಬಿಸಿಯಾಗಿತ್ತು. ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರು. ಇದು ನನಗೆ ಮೊದಲ ಗುರುತು. ಗಾಡಿ ನೋಡಲು ಬರುತ್ತೇನೆ ಎಂದು ಫೋನ್ ಮಾಡುವಾಗಲೇ ‘ದಯವಿಟ್ಟು ತಣ್ಣಗಿರಲಿ, ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿರುತ್ತೇನೆ. ಹಳೆಯ ಫೋರ್‌ನ ಆರೋಗ್ಯ ಗೊತ್ತಾಗುವುದು ತಣ್ಣನೆಯ ಎಂಜಿನ್ ಮೊದಲ ಸಲ ಹೊತ್ತಿಕೊಂಡಾಗ. ಚೋಕ್ ಎಳೆದು ಸ್ಟಾರ್ಟ್ ಮಾಡಿ, ಕೆಲವು ಕ್ಷಣದಲ್ಲೇ ನಾಲ್ಕು ಎಕ್ಸಾಸ್ಟ್ ಪೈಪಿನ ಬುಡಕ್ಕೂ ಒಂದೊಂದು ಹನಿ ನೀರು ಚಿಮುಕಿಸಬೇಕು. ಮೂರು ಚುಂಯ್ ಅಂದು ನಾಲ್ಕನೆಯದು ಸುಮ್ಮನಿದ್ದರೆ ಆ ಸಿಲಿಂಡರು ಕೆಲಸ ಮಾಡುತ್ತಿಲ್ಲ. ನಾಲ್ಕು ಸಿಲಿಂಡರ್ ಗಾಡಿಯ ಕಷ್ಟ ಇದೇ. ಒಂದು ಸತ್ತರೂ ಉಳಿದ ಮೂರು ಹೊತ್ತು ನಡೆಸುತ್ತವೆ, ಹೊಸಬರಿಗೆ ‘ಸ್ವಲ್ಪ ಮಿಸ್ಸಿಂಗ್ ಇದೆ’ ಅನ್ನಿಸುತ್ತದೆ ಅಷ್ಟೇ. ಆ ಸಿಬಿ750ಗೆ ಪೈಪಿನ ಮೇಲೆ ಪಟ್ಟಿ ಸುತ್ತಿದ್ದರಿಂದ ಈ ಪರೀಕ್ಷೆಗೂ ದಾರಿ ಇರಲಿಲ್ಲ. ಪಟ್ಟಿಯ ಅಡಿಯಲ್ಲಿ ತೇವ ನಿಂತು ಪೈಪು ತುಕ್ಕು ಹಿಡಿಯುತ್ತದೆ ಅನ್ನುವುದು ಬೇರೆ ಮಾತು.

ಅದಕ್ಕಿಂತ ದೊಡ್ಡ ತೊಂದರೆ ಕಾರ್ಬುರೇಟರುಗಳಿಗೆ ಗಾಳಿ ಸೋಸಿ ಕೊಡುವ ಡಬ್ಬಿಯನ್ನು, ಅಂದರೆ ಏರ್ ಬಾಕ್ಸನ್ನು, ತೆಗೆದು ಹಾಕಿದ್ದು. ನಾಲ್ಕು ಕಾರ್ಬುರೇಟರಿಗೂ ಒಂದೊಂದು ಬಿಡಿ ಫಿಲ್ಟರ್ ಸಿಕ್ಕಿಸಿದ್ದರು. ನೋಡಲು ಚೆಂದ. ಆದರೆ ಜಪಾನಿನ ಎಂಜಿನಿಯರುಗಳು ಆ ಡಬ್ಬಿಯ ಗಾತ್ರ, ಅದರ ಬಾಯಿಯ ಅಗಲ ಎಲ್ಲ ಲೆಕ್ಕ ಹಾಕಿ, ಪೆಟ್ರೋಲನ್ನು ಅಳತೆಯಾಗಿ ಬಿಡುವ ಸಣ್ಣ ತೂತಿನ ಜೆಟ್ ಕೂರಿಸಿದ್ದಾರೆ. ಡಬ್ಬಿ ತೆಗೆದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಕೆಳಗಿನ ಗೇರಿನಲ್ಲಿ ಸರಿಯಿದ್ದದ್ದು ನಡುವಿನ ವೇಗದಲ್ಲಿ ಮುಗ್ಗರಿಸುತ್ತದೆ. ಅದನ್ನು ಸರಿಪಡಿಸಲು ಜೆಟ್ ಬದಲಿಸುತ್ತ ಹೋದರೆ ಬೇಸಿಗೆ ಮುಗಿಯುತ್ತದೆ. 1980ರ ನಂತರದ ವ್ಯಾಕ್ಯೂಮ್ ಕಾರ್ಬುರೇಟರುಗಳಲ್ಲಂತೂ ಈ ಬಿಡಿ ಫಿಲ್ಟರಿನ ಕಾಟ ಇನ್ನೂ ಹೆಚ್ಚು. ಹೆಡ್‌ಲೈಟಿನ ಡೂಮ್ ಬಿಚ್ಚಿ ನೋಡಿದರೆ ಒಳಗೆ ಮೂಲ ವೈರಿಂಗನ್ನು ಕತ್ತರಿಸಿ, ಒಂದೇ ಬಣ್ಣದ ವೈರಿನಲ್ಲಿ ಜೋಡಿಸಿ ಇನ್ಸುಲೇಷನ್ ಟೇಪು ಸುತ್ತಿದ್ದರು. ಅಲ್ಲಿಗೆ ಮುಗಿಯಿತು. ಹುಡುಗನ ಮುಖ ಸಪ್ಪಗಾಯಿತು. ನನಗೂ ಬೇಜಾರೇ, ಏಕೆಂದರೆ ಎಂಜಿನ್ ಒಳಗಿನಿಂದ ಬರುತ್ತಿದ್ದ ಸದ್ದು ಚೆನ್ನಾಗಿತ್ತು. ಎಂಜಿನ್ ಚೆನ್ನಾಗಿರುವ ಗಾಡಿಯನ್ನೇ ಜನ ಹೀಗೆ ಕೆಡಿಸುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಕೊನೆಗೆ ಅವನು ಕೊಂಡದ್ದು 1978ರ ಸುಜುಕಿ ಜಿಎಸ್750. ರಿಟೈರ್ ಆದ ಒಬ್ಬ ಹಿರಿಯರದು. ಟ್ಯಾಂಕಿನ ಬಣ್ಣ ಮಾಸಿತ್ತು, ಸೀಟು ಹರಿದಿತ್ತು, ಕ್ರೋಮ್ ಮೇಲೆ ಚುಕ್ಕೆ. ಆದರೆ ಏರ್ ಬಾಕ್ಸ್ ಇತ್ತು, ಟೂಲ್ ಕಿಟ್ ಇತ್ತು, ಕಂಪನಿಯದೇ ಸೈಲೆನ್ಸರ್ ಇತ್ತು. ಜೊತೆಗೆ ಒಂದು ನೋಟ್‌ಬುಕ್. ಆಯಿಲ್ ಬದಲಿಸಿದ ದಿನಾಂಕ, ಆಗಿನ ಮೈಲಿ, ಪ್ರತಿ ವಾಲ್ವಿಗೂ ಅದನ್ನು ಒತ್ತುವ ಕ್ಯಾಮಿಗೂ ನಡುವಿನ ಗ್ಯಾಪು, ಅದನ್ನು ಸರಿಹೊಂದಿಸಲು ಯಾವ ವಾಲ್ವಿಗೆ ಎಷ್ಟು ದಪ್ಪದ ಶಿಮ್ ಹಾಕಿದೆ ಎಲ್ಲ ಪೆನ್ಸಿಲಿನಲ್ಲಿ ಬರೆದಿದ್ದರು. ಮೀಟರಿನಲ್ಲಿ ಸಿಬಿಗಿಂತ ಎರಡು ಪಟ್ಟಿಗೂ ಹೆಚ್ಚು ಓಟ. ನಾನು ಹುಡುಗನಿಗೆ ಹೇಳಿದೆ, “ಗಾಡಿ ನೋಡಿದ್ದು ಸಾಕು, ಈ ಪುಸ್ತಕ ನೋಡು.”

ವಾಲ್ವ್ ಗ್ಯಾಪಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದನ್ನು ಹೆಚ್ಚಿನವರು ತಲೆಕೆಳಗಾಗಿ ತಿಳಿದಿದ್ದಾರೆ. ನಮ್ಮಲ್ಲಿ ಟ್ಯಾಪೆಟ್ ಸದ್ದು ಬಂದರೆ ಮೆಕ್ಯಾನಿಕ್ ಹತ್ತಿರ ಓಡುತ್ತೇವೆ. ಈ ಎಂಜಿನ್ನುಗಳಲ್ಲಿ ಭಯ ಪಡಬೇಕಾದದ್ದು ಸದ್ದೇ ಇಲ್ಲದ ವಾಲ್ವಿಗೆ. ಓಡುತ್ತ ಓಡುತ್ತ ವಾಲ್ವು ತನ್ನ ಸೀಟಿನೊಳಕ್ಕೆ ಕುಸಿಯುತ್ತದೆ, ಗ್ಯಾಪು ಕಿರಿದಾಗುತ್ತದೆ, ಸದ್ದು ಕಡಿಮೆಯಾಗುತ್ತದೆ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ವಾಲ್ವು ತನ್ನ ಬಿಸಿಯನ್ನು ಸೀಟಿಗೆ ದಾಟಿಸಿ ತಣ್ಣಗಾಗಬೇಕಾದದ್ದು, ದಾಟಿಸಲಾಗದೆ ಅಂಚು ಸುಡುತ್ತದೆ. ಎಂಟು ವಾಲ್ವಿನ ಜಿಎಸ್‌ಗೆ ಗ್ಯಾಪು 0.03ರಿಂದ 0.08 ಮಿಲಿಮೀಟರ್. ಝಡ್1ಗೆ 0.05ರಿಂದ 0.10. ಹಳೆಯ ಸಿಬಿ750ಗೆ ಇನ್‌ಟೇಕ್ 0.05, ಎಕ್ಸಾಸ್ಟ್ 0.08. ಸಿಬಿಯಲ್ಲಿ ಸ್ಕ್ರೂ, ನಟ್ಟು ಇರುವುದರಿಂದ ಒಂದು ಸ್ಪಾನರಿನಲ್ಲಿ ಮುಗಿಯುತ್ತದೆ. ಜಿಎಸ್, ಝಡ್‌ಗಳಲ್ಲಿ ಬಿಲ್ಲೆಯಂಥ ಶಿಮ್ಮುಗಳು, ಜಿಎಸ್‌ನದು 29.5 ಮಿಲಿಮೀಟರ್ ಅಗಲ, ದಪ್ಪ 0.05ರ ಹೆಜ್ಜೆಯಲ್ಲಿ ಏರುತ್ತದೆ. ಶಿಮ್ ಕೂರುವ ಬಟ್ಟಲನ್ನು (ಬಕೆಟ್) ಒತ್ತಿ ಹಿಡಿಯುವ ಒಂದು ಸಣ್ಣ ಸಾಧನ ಇದ್ದರೆ ಕ್ಯಾಮ್ ಬಿಚ್ಚದೆಯೇ ಬದಲಿಸಬಹುದು. ಶಿಮ್ಮಿನ ಮೇಲೆ ಬರೆದಿರುವ ಅಳತೆಯನ್ನು ನಂಬದೆ ಮೈಕ್ರೋಮೀಟರಿನಲ್ಲಿ ಅಳೆಯಿರಿ. ಸವೆದದ್ದನ್ನು ಹಾಕಿ ಲೆಕ್ಕ ತಪ್ಪಿಸಿಕೊಂಡವರಿದ್ದಾರೆ.

ಹಾಗಂತ ಆ ಜಿಎಸ್ ಸಂಪೂರ್ಣ ಸರಿಯಿತ್ತು ಅಂತಲ್ಲ. ಬಲಗಡೆ ಕ್ಲಚ್ ಕವರಿನಲ್ಲಿ ಆಯಿಲ್ ನೋಡುವ ಗಾಜಿನ ಕಿಟಕಿ ಇದೆ. ಮಟ್ಟ ಮೇಲಿನ ಗೆರೆ ದಾಟಿತ್ತು. ಆಯಿಲ್ ಮುಚ್ಚಳ ತೆಗೆದು ಮೂಸಿದರೆ ಪೆಟ್ರೋಲ್ ವಾಸನೆ. ಹಿರಿಯರೇ ಹೇಳಿದರು, ಪೆಟ್ರೋಲ್ ಕಾಕ್ ಸರಿಯಿಲ್ಲ ಅಂತ. ಸುಜುಕಿಯ ಈ ಕಾಕ್‌ಗಳಿಗೆ ‘ಆಫ್’ ಇಲ್ಲ. ಎಂಜಿನ್ ಓಡುವಾಗಿನ ವ್ಯಾಕ್ಯೂಮಿನಿಂದ ಮಾತ್ರ ತೆರೆದುಕೊಳ್ಳುವ ರಬ್ಬರಿನ ಪೊರೆ ಒಳಗಿದೆ. ಅದು ಹಳತಾಗಿ ಸೋರಿದರೆ ಪೆಟ್ರೋಲು ಕಾರ್ಬುರೇಟರಿಗೆ, ಅಲ್ಲಿಂದ ಸಿಲಿಂಡರಿಗೆ, ಅಲ್ಲಿಂದ ಆಯಿಲಿಗೆ ಇಳಿಯುತ್ತದೆ. ಅಂಥ ಎಂಜಿನ್ನನ್ನು ಸ್ಟಾರ್ಟ್ ಮಾಡಬಾರದು. ನಾವು ಆಯಿಲ್ ಇಳಿಸಿ, ಹೊಸದು ಹಾಕಿ, ಟ್ಯಾಂಕ್ ಬದಲಿಗೆ ಸಣ್ಣ ಬಾಟಲಿಯಿಂದ ಪೆಟ್ರೋಲ್ ಬಿಟ್ಟು ಸ್ಟಾರ್ಟ್ ಮಾಡಿದೆವು. ನಾಲ್ಕು ಪೈಪೂ ಚುಂಯ್ ಅಂದವು. ಓಹಾಯೋದಲ್ಲಿ ಗಾಡಿಯ ಟೈಟಲ್, ಅಂದರೆ ಮಾಲೀಕತ್ವದ ಪತ್ರದ ಮೇಲೆ ಮಾರುವವರ ಸಹಿಗೆ ನೋಟರಿ ಬೇಕು. ಫ್ರೇಮಿನ ನಂಬರನ್ನು ಟೈಟಲ್ ಜೊತೆ ಒಂದೊಂದು ಅಂಕಿಯಾಗಿ ಹೋಲಿಸಿ ನೋಡಿದ ಮೇಲೆಯೇ ದುಡ್ಡು ಕೊಟ್ಟದ್ದು.

ಸುಜುಕಿಯ ನಿಜವಾದ ದೌರ್ಬಲ್ಯ ಕರೆಂಟಿನದು. ಜಿಎಸ್ ಕೊಳ್ಳುವವರು ಮಲ್ಟಿಮೀಟರ್ ಇಲ್ಲದೆ ಹೋಗಬಾರದು. ಎಂಜಿನ್ ನಿಂತಿರುವಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಎಂಜಿನ್ನು 4,000–5,000 ಆರ್‌ಪಿಎಂನಲ್ಲಿ ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು. ಹುಡುಗನ ಗಾಡಿಯಲ್ಲಿ 13 ದಾಟಲಿಲ್ಲ. ಕರೆಂಟು ಹುಟ್ಟಿಸುವ ಸುರುಳಿಗಳ ಸ್ಟೇಟರಿನಿಂದ ಬರುವ ಮೂರು ವೈರು ಬಿಚ್ಚಿ ಎರಡೆರಡರ ನಡುವೆ ಎಸಿ ವೋಲ್ಟೇಜ್ ನೋಡಿದೆವು. ಮೂರು ಜೋಡಿಯೂ ಸಮನಾಗಿ 70–80 ವೋಲ್ಟ್ ಕೊಡಬೇಕು. ಒಂದು ಸರಿಯಿತ್ತು, ಇನ್ನೆರಡು ಅರ್ಧಕ್ಕೆ ನಿಂತವು. ಒಂದು ಸುತ್ತು ಸುಟ್ಟಿದೆ ಎಂದರ್ಥ. ಹೊಸ ಸ್ಟೇಟರು, ಆ ಕರೆಂಟನ್ನು ಹದದಲ್ಲಿಡುವ ಹೊಸ ರೆಗ್ಯುಲೇಟರು ಹಾಕಿದೆವು. ಇಲ್ಲೊಂದು ಮುಖ್ಯ ವಿಷಯ: ಈ ಕಾಲದ ಅನೇಕ ಸುಜುಕಿಗಳಲ್ಲಿ ಸ್ಟೇಟರಿನ ಒಂದು ವೈರು ನೇರ ರೆಗ್ಯುಲೇಟರಿಗೆ ಹೋಗದೆ ಹೆಡ್‌ಲೈಟ್ ಸ್ವಿಚ್ಚಿನ ಕಡೆ ಸುತ್ತು ಹಾಕಿ ಬರುತ್ತದೆ. ಆ ಹಳೆಯ ಕನೆಕ್ಟರುಗಳು ಕಾದು ಕರಗುತ್ತವೆ. ಮೂರನ್ನೂ ನೇರ ರೆಗ್ಯುಲೇಟರಿಗೆ ಕೊಟ್ಟು, ರೆಗ್ಯುಲೇಟರಿನ ಅರ್ತಿಂಗನ್ನು ಫ್ರೇಮಿಗಲ್ಲದೆ ಬ್ಯಾಟರಿಯ ನೆಗೆಟಿವ್‌ಗೇ ಎಳೆದರೆ ಈ ರೋಗ ಮರಳುವುದು ಕಡಿಮೆ.

ಬೇರೆ ಗಾಡಿಗಳ ಬಗ್ಗೆ ನನ್ನ ಅಭಿಪ್ರಾಯ ಚುಟುಕಾಗಿ ಹೇಳಿಬಿಡುತ್ತೇನೆ. ಒಂದೇ ಕ್ಯಾಮಿನ ಸಿಬಿ750 ಚಿರಂಜೀವಿ, ಆದರೆ ಹೆಡ್ಡಿನ ಸುತ್ತ ಆಯಿಲ್ ಒಸರುವುದು ಸಾಮಾನ್ಯ, ಐಡ್ಲಿಂಗ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಮೂಲ ನಾಲ್ಕು ಸೈಲೆನ್ಸರ್ ಹೋಗಿದ್ದರೆ ಹೊಸ ಸೆಟ್ಟಿನ ಬೆಲೆ ಎದೆ ಒಡೆಯುತ್ತದೆ. ಝಡ್1 ನಮ್ಮಂಥವರ ಕೈ ಮೀರಿದೆ. ಅದರ ತಮ್ಮ ಕೆಝಡ್650 ಇನ್ನೂ ನ್ಯಾಯದ ಬೆಲೆಗೆ ಸಿಗುತ್ತದೆ, ಓಡಿಸಲು ಅಣ್ಣನಿಗಿಂತ ಹಗುರ, ನನಗೆ ಅದೇ ಹೆಚ್ಚು ಇಷ್ಟ. ಯಮಹಾ ಎಕ್ಸ್‌ಎಸ್1100 ನೋಡಲು ಹೋದರೆ ಎರಡನೇ ಗೇರಿನಲ್ಲಿ ಜೋರಾಗಿ ಎಳೆದು ನೋಡಿ, ಗೇರು ಜಿಗಿದು ಹೊರಬಂದರೆ ಬಿಟ್ಟು ಬನ್ನಿ. ಸಾಲಿನ ಫೋರ್ ಅಲ್ಲದಿದ್ದರೂ ಹೋಂಡಾದ ವಿ ಆಕಾರದ ವಿಎಫ್750 ಕೂಡ ಈ ಸಂತೆಯಲ್ಲೇ ಸಿಗುತ್ತದೆ. ಅದರ 1983–84ರ ಗಾಡಿಗಳಲ್ಲಿ ಕ್ಯಾಮ್ ಬೇಗ ಸವೆದು ಹೋಂಡಾಕ್ಕೇ ಕೆಟ್ಟ ಹೆಸರು ಬಂತು. ಆ ಹೆಸರು ತೊಳೆಯಲೆಂಬಂತೆ 1986ರಲ್ಲಿ ಗೇರಿನಿಂದ ಕ್ಯಾಮ್ ತಿರುಗಿಸುವ ವಿಎಫ್‌ಆರ್750 ಬಂತು, ಅದು ಚಿನ್ನ. ಟ್ಯಾಪೆಟ್ ಸೆಟ್ಟಿಂಗ್ ಗೊಡವೆಯೇ ಬೇಡ ಅನ್ನುವವರು 1984–86ರ ನೈಟ್‌ಹಾಕ್ 700 ಹುಡುಕಲಿ. ಅದರಲ್ಲಿ ಹೈಡ್ರಾಲಿಕ್ ಲಿಫ್ಟರು ತಾನೇ ಗ್ಯಾಪ್ ಸರಿಮಾಡಿಕೊಳ್ಳುತ್ತದೆ, ಚೈನೂ ಇಲ್ಲ, ಶಾಫ್ಟು. ಅದು 750 ಆಗದೆ 700 ಆಗಿದ್ದಕ್ಕೂ ಕಥೆ ಇದೆ. 1983ರಲ್ಲಿ ಹಾರ್ಲೆ ಡೇವಿಡ್‌ಸನ್ ಕೋರಿಕೆಯ ಮೇಲೆ ರೇಗನ್ ಸರ್ಕಾರ 700 ಸಿಸಿ ಮೀರಿದ ವಿದೇಶಿ ಗಾಡಿಗಳ ಸುಂಕವನ್ನು 4.4ರಿಂದ ಶೇಕಡಾ 49.4ಕ್ಕೆ ಏರಿಸಿತು. ಜಪಾನಿನವರು ಸುಮ್ಮನೆ ಎಂಜಿನ್ನನ್ನು 700ರ ಗೆರೆಯೊಳಗೆ ಇಳಿಸಿದರು. ಅಮೆರಿಕದ 699 ಸಿಸಿಯ ಜಪಾನಿ ಗಾಡಿಗಳೆಲ್ಲ ಆ ಸುಂಕದ ಕೂಸುಗಳು.

ಈ ದೇಶದಲ್ಲಿ ಗಾಡಿಯ ವಯಸ್ಸು ಹೇಳುವ ಇನ್ನೊಂದು ಗುರುತು ಸ್ಪೀಡೋಮೀಟರು. 85 ಮೈಲಿಗೇ ಮುಗಿದಿದ್ದರೆ ಅದು 1980ರ ಆಸುಪಾಸಿನದು, ಆಗ ಸರ್ಕಾರದ ನಿಯಮವೇ ಹಾಗಿತ್ತು. ಅದೇ ಕಾಲದ ಕಾರ್ಬುರೇಟರುಗಳಲ್ಲಿ ಹೊಗೆ ನಿಯಮಕ್ಕಾಗಿ ಐಡ್ಲಿಂಗ್ ಮಿಕ್ಸ್‌ಚರ್ ಸ್ಕ್ರೂ ಮೇಲೆ ಹಿತ್ತಾಳೆಯ ಬಿರಡೆ ಹೊಡೆದಿರುತ್ತಾರೆ. ಬಿರಡೆ ಹಾಗೇ ಇದ್ದರೆ ಆ ಕಾರ್ಬುರೇಟರನ್ನು ಯಾರೂ ಪೂರ್ತಿ ಬಿಚ್ಚಿ ತೊಳೆದಿಲ್ಲ ಅನ್ನಬಹುದು.

ಇನ್ನು ಈ ಗಾಡಿಗಳ ಆಕರ್ಷಣೆಯ ಮಾತು. ಮೊದಲು ಕೊರತೆ ಹೇಳಿಬಿಡುತ್ತೇನೆ. ತೂಕ ಎರಡು ಕ್ವಿಂಟಲ್ ದಾಟುತ್ತದೆ. ಮಳೆಯಲ್ಲಿ ಆ ಕಾಲದ ಸ್ಟೇನ್‌ಲೆಸ್ ಡಿಸ್ಕಿನ ಬ್ರೇಕು ಒಂದು ಕ್ಷಣ ಹಿಡಿಯುವುದೇ ಇಲ್ಲ. ಝಡ್1 ಜೋರಾಗಿ ಓಡಿಸಿದರೆ ತಲೆ ಅಲ್ಲಾಡಿಸುತ್ತದೆ ಎಂಬ ಹೆಸರು ಹೊತ್ತಿದೆ. ಇದೆಲ್ಲ ನಿಜ. ಆದರೂ ಓಹಾಯೋದ ಆಗ್ನೇಯ ಮೂಲೆಯಲ್ಲಿ ಝೇನ್ಸ್‌ವಿಲ್ ಕಡೆಯಿಂದ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿಯುವ 555ನೇ ರಸ್ತೆಯಲ್ಲಿ, ಗಂಟೆಗೆ ಐವತ್ತೈದು ಮೈಲಿ ವೇಗದಲ್ಲಿ, ನಾಲ್ಕನೇ ಗೇರಿನಲ್ಲಿ ಜಿಎಸ್850 ಹೋಗುವ ಬಗೆಗೆ ಸಾಟಿ ನನಗೆ ಸಿಕ್ಕಿಲ್ಲ. ತಂಬೂರಿಯ ಶ್ರುತಿಯ ಹಾಗೆ ಒಂದೇ ಸಮ, ಎಲ್ಲೂ ಕಡಿಯದ ನಾದ. ಆಕ್ಸಿಲರೇಟರ್ ತಿರುಗಿಸಿದರೆ ನಾದ ಏರುತ್ತದೆ, ಎಳೆತ ಹಿಂದೆಯೇ ಬರುತ್ತದೆ, ಅವಸರವಿಲ್ಲ. ನಿಲ್ಲಿಸಿ ಇಳಿದರೆ ಎಂಜಿನ್ ಪೂರ್ತಿ ಕಣ್ಣಿಗೆ ಕಾಣುತ್ತದೆ. ಫಿನ್ನುಗಳು, ಕ್ಯಾಮ್ ಕವರಿನ ಎರಡು ಗುಂಡನೆಯ ಕೊನೆಗಳು, ನಾಲ್ಕು ಪೈಪು. ಪ್ಲಾಸ್ಟಿಕ್ಕಿನ ಹಿಂದೆ ಬಚ್ಚಿಟ್ಟಿಲ್ಲ. ನಾನು ಮುಟ್ಟಬಹುದಾದ, ಅಳೆಯಬಹುದಾದ, ಅಳತೆ ತಪ್ಪಿದ್ದನ್ನು ತಿದ್ದಬಹುದಾದ ಯಂತ್ರ. ದಿನವಿಡೀ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ನನಗೆ, ಐವತ್ತು ವರ್ಷದ ಹಿಂದೆ ಹಮಾಮಾತ್ಸುವಿನ ಕಂಪನಿಯೊಂದರ ಜನ ಹಿಡಿದ ಅಳತೆ ಇವತ್ತೂ ಮಿತಿಯೊಳಗೇ ಇರುವುದನ್ನು ಕಂಡಾಗ ಅವರ ಮೇಲೆ ಗೌರವ ಉಕ್ಕುತ್ತದೆ.

ಬಿಡಿಭಾಗಕ್ಕೆ ಹೆದರುವವರಿಗೂ ಒಂದು ಮಾತು. ಬ್ರೇಕ್ ಪ್ಯಾಡು, ಕೇಬಲ್ಲು, ಆಯಿಲ್ ಸೀಲು, ಪ್ಯಾಕಿಂಗ್ ಸೆಟ್ಟು, ಸ್ಟೇಟರು ಎಲ್ಲ ಇವತ್ತಿಗೂ ಹೊಸದಾಗಿ ಸಿಗುತ್ತವೆ. ಸಿಗದಿರುವುದು ಸೈಡ್ ಕವರು, ಬ್ಯಾಡ್ಜು, ಮೂಲ ಸೈಲೆನ್ಸರಿನಂಥವು. ಅದಕ್ಕೇ ಪೂರ್ತಿ ಇರುವ ಗಾಡಿ ಕೊಳ್ಳಿ ಅನ್ನುವುದು. ಇನ್ನೂ ಬೇಕಿದ್ದರೆ ಜುಲೈ ತಿಂಗಳಲ್ಲಿ ಲೆಕ್ಸಿಂಗ್ಟನ್ನಿನ ಮಿಡ್ ಓಹಾಯೋ ಟ್ರ್ಯಾಕಿನಲ್ಲಿ ನಡೆಯುವ ವಿಂಟೇಜ್ ಮೋಟರ್‌ಸೈಕಲ್ ಡೇಸ್‌ಗೆ ಬನ್ನಿ. ಅಲ್ಲಿನ ಸ್ವಾಪ್ ಮೀಟ್ ಸಂತೆಯಲ್ಲಿ ಹುಲ್ಲಿನ ಮೇಲೆ ಹರಡಿದ ಬಿಡಿಭಾಗಗಳ ನಡುವೆ ಒಂದು ದಿನ ಹೋದದ್ದೇ ತಿಳಿಯುವುದಿಲ್ಲ. ಹುಬ್ಬಳ್ಳಿ ಹುಡುಗನಿಗೆ ಜಿಎಸ್‌ನ ಒಳ್ಳೆಯ ಸೀಟು ಸಿಕ್ಕಿದ್ದು ಅಲ್ಲೇ.

ಗಾಡಿ ಮನೆಗೆ ತಂದ ಮೇಲೆ ಎಲ್ಲರೂ ಮೊದಲು ಕಾರ್ಬುರೇಟರಿಗೆ ಕೈ ಹಾಕುತ್ತಾರೆ. ಬೇಡ. ಮೊದಲು ನಿಲ್ಲುವ ವ್ಯವಸ್ಥೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2309 ಅಂದರೆ 2009ರ ಇಪ್ಪತ್ಮೂರನೇ ವಾರದ್ದು. ಗುಂಡಿ ಎಷ್ಟೇ ಆಳವಿರಲಿ, ಅಂಥ ಟೈರು ಬಿಸಾಡಿ. ಬ್ರೇಕಿನ ರಬ್ಬರ್ ಹೋಸು ಗಾಡಿಯಷ್ಟೇ ಹಳೆಯದಿದ್ದರೆ ಅದನ್ನೂ ತೆಗೆಯಿರಿ, ಕ್ಯಾಲಿಪರ್ ಬಿಚ್ಚಿ ತೊಳೆದು ಹೊಸ ಸೀಲು ಹಾಕಿ. ಆಮೇಲೆ ಆಯಿಲು, ಫಿಲ್ಟರು, ಗಾಜಿನ ಫ್ಯೂಸುಗಳ ಜಾಗಕ್ಕೆ ಹೊಸ ಫ್ಯೂಸ್ ಬಾಕ್ಸು, ಚಾರ್ಜಿಂಗ್ ಪರೀಕ್ಷೆ. ಎಂಜಿನ್ ಪೂರ್ತಿ ತಣ್ಣಗಿರುವ ಬೆಳಗ್ಗೆ ವಾಲ್ವ್ ಗ್ಯಾಪು ನೋಡಿ ಸರಿಮಾಡಿ. 1970ರ ದಶಕದ ಗಾಡಿಯಾದರೆ ಕಿಡಿ ಹೊಡೆಯುವ ಹೊತ್ತನ್ನು ನಿರ್ಧರಿಸುವ ಪಾಯಿಂಟ್ಸ್ ಮತ್ತು ಟೈಮಿಂಗ್. ಇಷ್ಟಾದ ಮೇಲೆ ಕಾರ್ಬುರೇಟರು. ಹೊರಗಿನಿಂದ ಸ್ಪ್ರೇ ಹೊಡೆದರೆ ಸಾಲದು, ನಾಲ್ಕನ್ನೂ ಬಿಚ್ಚಿ, ಪೈಲಟ್ ಜೆಟ್ಟಿನ ತೂತಿನಲ್ಲಿ ಬೆಳಕು ಗುಂಡಗೆ ಕಾಣುವವರೆಗೆ ತೊಳೆಯಬೇಕು. ಎಂಜಿನ್ನಿಗೂ ಕಾರ್ಬುರೇಟರಿಗೂ ನಡುವಿನ ರಬ್ಬರ್ ಬೂಟುಗಳ ಹಿಂದೆ ಅಡಗಿರುವ ಓ ರಿಂಗುಗಳು ಚಪ್ಪಟೆಯಾಗಿ ಗಟ್ಟಿಯಾಗಿರುತ್ತವೆ, ಅವನ್ನು ತಪ್ಪದೆ ಬದಲಿಸಿ. ಆಕ್ಸಿಲರೇಟರ್ ಬಿಟ್ಟರೂ ಐಡ್ಲಿಂಗ್ ಕೆಳಗಿಳಿಯದೆ ನೇತಾಡುತ್ತಿದ್ದರೆ ಕಾರಣ ಬಹುಪಾಲು ಅಲ್ಲೇ ಇರುತ್ತದೆ. ನಾಲ್ಕು ವ್ಯಾಕ್ಯೂಮ್ ಗೇಜು ಹಾಕಿ, ನಾಲ್ಕು ಕಾರ್ಬುರೇಟರೂ ಸಮನಾಗಿ ಕೆಲಸ ಮಾಡುವಂತೆ ಸಿಂಕ್ ಮಾಡುವುದು ಎಲ್ಲಕ್ಕಿಂತ ಕೊನೆಗೆ. ವಾಲ್ವ್ ಗ್ಯಾಪು ಸರಿಯಿಲ್ಲದೆ ಸಿಂಕ್ ಮಾಡಿದರೆ ವಾಲ್ವ್ ಸರಿಮಾಡಿದ ದಿನ ಅದನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.